ತಪ್ಪು ಕಾಪಿರೈಟ್ ಕ್ಲೇಮ್ ಬಿದ್ದರೆ ತಕರಾರು ಸಲ್ಲಿಸುವುದು ಹೇಗೆ: ಯೂಟ್ಯೂಬ್ ಚಾನೆಲ್ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

ತಕರಾರು ಸಲ್ಲಿಸಿ ಸೋತವರು ಏನು ಬರೆದಿದ್ದರೆಂದು ನೋಡಿದರೆ ಒಂದೇ ದೋಷ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಅವರು ಯೂಟ್ಯೂಬ್‌ಗೆ ಅಹವಾಲು ಹೇಳಿಕೊಂಡಿರುತ್ತಾರೆ: "ನನ್ನದು ಸಣ್ಣ ಚಾನೆಲ್, ತುಂಬಾ ಕಷ್ಟಪಟ್ಟು ಮಾಡಿದ ವಿಡಿಯೊ, ದಯವಿಟ್ಟು ನ್ಯಾಯ ಕೊಡಿಸಿ." ಆ ಬರಹ ಹೋಗುವುದು ಕ್ಲೇಮ್ ಹಾಕಿದವರ, ಅಂದರೆ ವಿಡಿಯೊದಲ್ಲಿರುವುದು ತಮ್ಮ ಕೃತಿ ಎಂದು ಹಕ್ಕು ಹೇಳಿದವರ, ಬಳಿಗೆ. ಅದನ್ನು ಒಪ್ಪಬೇಕೋ ತಳ್ಳಿಹಾಕಬೇಕೋ ಎಂದು ತೀರ್ಮಾನಿಸುವವರೂ ಅವರೇ. ನಿಮ್ಮ ಕಷ್ಟ ಕಟ್ಟಿಕೊಂಡು ಅವರಿಗೆ ಏನೂ ಆಗಬೇಕಿಲ್ಲ. ತಮ್ಮ ಕ್ಲೇಮ್ ಎಲ್ಲಿ ತಪ್ಪಿದೆ ಎಂದು ಒಂದೆರಡು ನಿಮಿಷದಲ್ಲಿ ಪರಿಶೀಲಿಸಲು ಆಗುವಂಥ ಕಾರಣ ಸಿಕ್ಕರೆ ಬಿಟ್ಟುಕೊಡುತ್ತಾರೆ, ಸಿಗದಿದ್ದರೆ ಇಲ್ಲ.

ಎರಡನೆಯ ದೋಷ ಅವಸರದ್ದು. ಇಮೇಲ್ ಬಂದ ಗಳಿಗೆಯಲ್ಲೇ ಡಿಸ್ಪ್ಯೂಟ್ ಗುಂಡಿ ಒತ್ತಿ, ತಕರಾರು ತಿರಸ್ಕೃತವಾದ ಮೇಲೆ ಪರವಾನಗಿ ಪತ್ರ ಎಲ್ಲಿಟ್ಟೆ ಎಂದು ಹುಡುಕುವುದು. ಈ ಕೆಲಸದಲ್ಲಿ ಕ್ರಮವೇ ಮುಖ್ಯ. ಕೆಳಗಿನ ಹಂತಗಳನ್ನು ಹೇಳಿದ ಸಾಲಿನಲ್ಲೇ ಮಾಡಿ.

ಇಲ್ಲಿರುವುದು ಯೂಟ್ಯೂಬ್‌ನ ವಿಧಾನ. ಬೇರೆ ತಾಣಗಳಲ್ಲಿ ಗುಂಡಿಗಳ ಹೆಸರು, ಗಡುವು ಬೇರೆಯಾಗಿರುತ್ತವೆ. ದಾಖಲೆ ಹೊಂದಿಸುವ ಮತ್ತು ಬರೆಯುವ ಕೆಲಸ ಎಲ್ಲೆಡೆ ಇದೇ. ಇನ್ನೊಂದು ಮಾತು: ಕ್ಲೇಮ್ ಸರಿಯಾಗಿಯೇ ಇದ್ದು, ಅದರಿಂದ ತಪ್ಪಿಸಿಕೊಳ್ಳುವ ಉಪಾಯ ಹುಡುಕುತ್ತಿದ್ದರೆ ನಾಲ್ಕನೆಯ ಹಂತವನ್ನು ಮಾತ್ರ ಓದಿದರೆ ಸಾಕು.

ಮೊದಲು ಜೋಡಿಸಿಕೊಳ್ಳಬೇಕಾದದ್ದು

ಮೊಬೈಲ್ ಆ್ಯಪ್‌ನಲ್ಲೂ ಕೆಲಸ ನಡೆಯುತ್ತದೆಯಾದರೂ ಕಂಪ್ಯೂಟರ್‌ನಲ್ಲಿ ಯೂಟ್ಯೂಬ್ ಸ್ಟುಡಿಯೊ ತೆರೆದುಕೊಳ್ಳುವುದು ಮೇಲು. ವಿವರಗಳನ್ನು ಅಕ್ಕಪಕ್ಕ ಇಟ್ಟು ಓದಬೇಕಾಗುತ್ತದೆ. ಕ್ಲೇಮ್ ಬಿದ್ದ ವಿಡಿಯೊಗೆಂದು ಒಂದು ಫೋಲ್ಡರ್ ಮಾಡಿ ಅದರಲ್ಲಿ ಇವನ್ನು ಹಾಕಿ: ಕ್ಯಾಮೆರಾದಿಂದ ಬಂದ ಮೂಲ ಕಡತಗಳು, ಎಡಿಟಿಂಗ್ ಪ್ರಾಜೆಕ್ಟ್ ಕಡತ, ಸಂಗೀತದ ಪರವಾನಗಿ ಮತ್ತು ರಸೀದಿ, ಅನುಮತಿ ಕೊಟ್ಟ ಇಮೇಲ್‌ಗಳು, ಕ್ಲೇಮ್ ಪುಟದ ಸ್ಕ್ರೀನ್‌ಶಾಟ್. ಸ್ಕ್ರೀನ್‌ಶಾಟ್ ಇವತ್ತೇ ತೆಗೆಯಿರಿ. ಕ್ಲೇಮ್ ಮುಂದೆ ಬದಲಾಗಬಹುದು, ಹೋಗಿ ಮತ್ತೆ ಬರಬಹುದು.

ಉಚಿತ ಸಂಗೀತವನ್ನು ಯಾವುದೋ ತಾಣದಿಂದ ಇಳಿಸಿಕೊಂಡಿದ್ದರೆ ಆ ಪುಟವನ್ನು, ಜಾಲಪುಟಗಳ ಹಳೆಯ ಪ್ರತಿಗಳನ್ನು ಕೂಡಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಹುಡುಕಿ. ನೀವು ಇಳಿಸಿಕೊಂಡ ದಿನದ ಸುಮಾರಿಗೆ ಅಲ್ಲಿ ಪರವಾನಗಿ ಏನೆಂದು ಬರೆದಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಹಂತ 1: ಬಂದಿರುವುದು ಕ್ಲೇಮೋ, ಸ್ಟ್ರೈಕೋ?

ಇವೆರಡನ್ನು ಒಂದೇ ಎಂದುಕೊಂಡವರು ಬೇಡದ ಕಡೆ ಗಾಬರಿಯಾಗುತ್ತಾರೆ, ಗಾಬರಿಯಾಗಬೇಕಾದ ಕಡೆ ಸುಮ್ಮನಿರುತ್ತಾರೆ.

ಕ್ಲೇಮ್ ಸಾಮಾನ್ಯವಾಗಿ ಕಂಟೆಂಟ್ ಐಡಿ ಎಂಬ ಯಂತ್ರವ್ಯವಸ್ಥೆಯಿಂದ ಬರುತ್ತದೆ. ಹಕ್ಕುದಾರರು ತಮ್ಮ ಹಾಡು, ದೃಶ್ಯಗಳ ಮಾದರಿ ಕಡತಗಳನ್ನು ಅದಕ್ಕೆ ಕೊಟ್ಟಿರುತ್ತಾರೆ. ಪ್ರತಿ ವಿಡಿಯೊವನ್ನೂ ವ್ಯವಸ್ಥೆ ಅವುಗಳ ಜೊತೆ ಹೋಲಿಸುತ್ತದೆ. ಹೋಲಿಕೆ ಸಿಕ್ಕರೆ ಮೂರರಲ್ಲಿ ಒಂದಾಗುತ್ತದೆ: ಜಾಹೀರಾತಿನ ಹಣ ಅವರಿಗೆ ಹೋಗುತ್ತದೆ, ವಿಡಿಯೊ ಕೆಲವು ದೇಶಗಳಲ್ಲಿ ಅಥವಾ ಎಲ್ಲೆಡೆ ಮುಚ್ಚುತ್ತದೆ, ಇಲ್ಲವೇ ವೀಕ್ಷಣೆಯ ಲೆಕ್ಕ ಮಾತ್ರ ಅವರಿಗೆ ಸಿಗುತ್ತದೆ. ಇದರಿಂದ ಚಾನೆಲ್‌ಗೆ ಸ್ಟ್ರೈಕ್ ಬೀಳುವುದಿಲ್ಲ.

ಸ್ಟ್ರೈಕ್, ಅಂದರೆ ಚಾನೆಲ್ ಮೇಲೆ ದಾಖಲಾಗುವ ಎಚ್ಚರಿಕೆ, ಬೀಳುವುದು ಹಕ್ಕುದಾರರು ಕಾನೂನಿನ ಪ್ರಕಾರ ವಿಡಿಯೊ ತೆಗೆಸಲು ಮನವಿ ಕೊಟ್ಟಾಗ. 90 ದಿನಗಳ ಅವಧಿಯಲ್ಲಿ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ ರದ್ದಾಗುವ ಸ್ಥಿತಿ ಬರುತ್ತದೆ. ಸ್ಟುಡಿಯೊದ ಕಂಟೆಂಟ್ ಪುಟದಲ್ಲಿ ವಿಡಿಯೊ ಎದುರಿನ ರೆಸ್ಟ್ರಿಕ್ಷನ್ಸ್ ಅಂಕಣ ನೋಡಿದರೆ ನಿಮಗೆ ಬಂದಿರುವುದು ಯಾವುದು ಎಂದು ತಿಳಿಯುತ್ತದೆ. ವಿಡಿಯೊವನ್ನೇ ತೆಗೆದುಹಾಕಿ ಸ್ಟ್ರೈಕ್ ಕೊಟ್ಟಿದ್ದರೆ ನೇರವಾಗಿ ಎಂಟನೆಯ ಹಂತಕ್ಕೆ ಹೋಗಿ. ಈ ಸ್ಥಿತಿಯಲ್ಲಿ ವಿಡಿಯೊ ಅಳಿಸಬೇಡಿ. ಅಳಿಸಿದರೂ ಸ್ಟ್ರೈಕ್ ಹೋಗುವುದಿಲ್ಲ.

ಹಂತ 2: ಕ್ಲೇಮ್ ವಿವರವನ್ನು ಅಕ್ಷರಕ್ಷರ ಓದಿ

ರೆಸ್ಟ್ರಿಕ್ಷನ್ಸ್ ಅಂಕಣದ ಕಾಪಿರೈಟ್ ಎಂಬ ಪದದ ಮೇಲೆ ಮೌಸ್ ಇಟ್ಟು ವಿವರಗಳ ಪುಟ ತೆರೆಯಿರಿ. ಅಲ್ಲಿ ನಾಲ್ಕು ಸಂಗತಿ ಬರೆದುಕೊಳ್ಳಬೇಕು: ಯಾವ ಕೃತಿಯೆಂದು ಹೇಳಿದ್ದಾರೆ, ಕ್ಲೇಮ್ ಹಾಕಿದವರ ಹೆಸರು, ವಿಡಿಯೊದ ಯಾವ ನಿಮಿಷದಿಂದ ಯಾವ ನಿಮಿಷದವರೆಗೆ, ಮತ್ತು ಹೊಂದಿಕೆಯಾಗಿರುವುದು ಧ್ವನಿಯೋ ದೃಶ್ಯವೋ ರಾಗವೋ.

ಒಂದು ಉದಾಹರಣೆ ಹಿಡಿದು ಮುಂದೆ ಹೋಗೋಣ. ಸೈಕಲ್ ಪಂಕ್ಚರ್ ಹಾಕುವುದನ್ನು ತೋರಿಸುವ ಒಂಬತ್ತು ನಿಮಿಷದ ವಿಡಿಯೊ. 2:14ರಿಂದ 2:51ರವರೆಗೆ ಧ್ವನಿ ಹೊಂದಿಕೆಯಾಗಿದೆ ಎಂದು ಕ್ಲೇಮ್ ಹೇಳುತ್ತದೆ; ಎಂದೂ ಕೇಳಿರದ ಹಾಡಿನ ಹೆಸರು ಅಲ್ಲಿದೆ. ಇಯರ್‌ಫೋನ್ ಹಾಕಿಕೊಂಡು ಆ 37 ಸೆಕೆಂಡನ್ನು ಕೇಳಿ. ಟ್ಯೂಬಿಗೆ ಉಜ್ಜುಕಾಗದ ತಿಕ್ಕುವ ಸದ್ದು, ಅದರ ಹಿಂದೆ ಪರವಾನಗಿ ಪಡೆದು ಹಾಕಿದ ಗಿಟಾರ್ ತುಣುಕು. ಈಗ ಆ ಅಪರಿಚಿತ ಹಾಡನ್ನು ಹುಡುಕಿ ಕೇಳಿ: ಅದೇ ಗಿಟಾರ್ ತುಣುಕಿನ ಮೇಲೆ ಯಾರೋ ಮಾತು ಪೋಣಿಸಿ ಹಾಡು ಮಾಡಿದ್ದಾರೆ. ತಪ್ಪು ಎಲ್ಲಿ ಹುಟ್ಟಿತೆಂದು ಗೊತ್ತಾಯಿತು, ತಕರಾರಿನ ಅರ್ಧ ಕೆಲಸ ಮುಗಿಯಿತು. ಕ್ಲೇಮ್ ಹಾಕಿದ ಕೃತಿಯನ್ನು ಒಮ್ಮೆಯೂ ಕೇಳದೆ ತಕರಾರು ಬರೆಯುವವರೇ ಹೆಚ್ಚು, ಅದೇ ನನಗೆ ಅರ್ಥವಾಗದ ಸಂಗತಿ.

ಕ್ಲೇಮ್ ಯಂತ್ರ ಹಾಕಿದ್ದೋ ಮನುಷ್ಯರು ಕೈಯಾರೆ ಹಾಕಿದ್ದೋ ಎಂಬುದನ್ನೂ ನೋಡಿ. ಕೈಯಾರೆ ಹಾಕುವವರು ನಿಖರ ಸಮಯವನ್ನು ಗುರುತಿಸಬೇಕೆಂಬ ನಿಯಮ 2019ರಿಂದ ಇದೆ. ಆ ಸಮಯದಲ್ಲಿ ಅವರ ಕೃತಿಯ ಸುಳಿವೇ ಇಲ್ಲದಿದ್ದರೆ ಅಷ್ಟನ್ನೇ ಹೇಳಿದರೂ ತಕರಾರು ಗಟ್ಟಿಯಾಗುತ್ತದೆ.

ಹಂತ 3: ನಿಮ್ಮದು ಯಾವ ಬಗೆಯ ತಪ್ಪು ಕ್ಲೇಮ್?

ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ತಕರಾರಿನ ಅರ್ಜಿ ಕೇಳುವ ಕಾರಣಗಳು ಕೆಲವೇ: ಇದು ನನ್ನ ಸ್ವಂತ ಕೃತಿ, ನನ್ನ ಬಳಿ ಪರವಾನಗಿ ಇದೆ, ಇದು ಫೇರ್ ಯೂಸ್ (ಅನುಮತಿಯಿಲ್ಲದಿದ್ದರೂ ಕಾನೂನು ಒಪ್ಪುವ ಬಳಕೆ) ಅಥವಾ ಅಂಥ ವಿನಾಯಿತಿ, ಇದು ಹಕ್ಕಿನ ಅವಧಿ ಮುಗಿದು ಸಾರ್ವಜನಿಕವಾದ ಕೃತಿ. ತಪ್ಪಾದ ಕಾರಣ ಆರಿಸಿದರೆ ಸರಿಯಾದ ದಾಖಲೆಯೂ ಕೆಲಸಕ್ಕೆ ಬರುವುದಿಲ್ಲ.

*ಪರವಾನಗಿ ಪಡೆದ ಸಂಗೀತ.* ಅತಿ ಸಾಮಾನ್ಯವಾದದ್ದು ಇದೇ. ಹಣ ಪಡೆದು ಸಂಗೀತ ಒದಗಿಸುವ ಗ್ರಂಥಾಲಯಗಳು ತಮ್ಮ ಹಾಡುಗಳನ್ನು ಕಂಟೆಂಟ್ ಐಡಿಯಲ್ಲಿ ತಾವೇ ನೋಂದಾಯಿಸಿರುತ್ತವೆ. ಚಂದಾದಾರರು ತಮ್ಮ ಚಾನೆಲನ್ನು ಅವರ ಖಾತೆಗೆ ಜೋಡಿಸಬೇಕು. ಜೋಡಿಸುವುದನ್ನು ಮರೆತಿದ್ದರೆ ಕ್ಲೇಮ್ ಬರುವುದು ಸಹಜ. ಇಲ್ಲಿ ತಕರಾರಿಗೆ ಮೊದಲು ಆ ಸಂಸ್ಥೆಯ ಗ್ರಾಹಕ ವಿಭಾಗಕ್ಕೆ ವಿಡಿಯೊ ಕೊಂಡಿ ಕಳುಹಿಸಿ. ಅವರೇ ಕ್ಲೇಮ್ ಹಿಂತೆಗೆದುಕೊಂಡರೆ ಕೆಲಸ ಅಲ್ಲಿಗೇ ಮುಗಿಯುತ್ತದೆ.

*ಉಚಿತ ಸಂಗೀತದ ಮೇಲೆ ಮೂರನೆಯವರ ಕ್ಲೇಮ್.* ಕ್ರಿಯೇಟಿವ್ ಕಾಮನ್ಸ್ (ಷರತ್ತಿನ ಮೇಲೆ ಎಲ್ಲರಿಗೂ ಬಳಸಲು ಬಿಡುವ ಪರವಾನಗಿ) ತುಣುಕನ್ನು ಬೇರೊಬ್ಬರು ತಮ್ಮ ಹಾಡಿನಲ್ಲಿ ಬಳಸಿ, ಇಡೀ ಹಾಡನ್ನು ವಿತರಕರ ಮೂಲಕ ನೋಂದಾಯಿಸಿರುತ್ತಾರೆ. ಯಂತ್ರಕ್ಕೆ ಯಾರು ಯಾರಿಂದ ತೆಗೆದುಕೊಂಡರು ಎಂಬುದು ತಿಳಿಯದು. ಮೂಲ ತುಣುಕಿನ ಹೆಸರು, ಕರ್ತೃ, ಪ್ರಕಟವಾದ ದಿನ, ಪರವಾನಗಿಯ ಪುಟ ಇಷ್ಟನ್ನೂ ತೋರಿಸಿದರೆ ಇಂಥ ಕ್ಲೇಮ್ ನಿಲ್ಲುವುದು ಕಷ್ಟ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಒಮ್ಮೆ ಕೊಟ್ಟ ಮೇಲೆ, ಷರತ್ತು ಪಾಲಿಸುವವರಿಂದ ಹಿಂತೆಗೆದುಕೊಳ್ಳಲು ಬರುವುದಿಲ್ಲ. ಹಾಗಾಗಿ ಪುಟ ಈಗ ಬದಲಾಗಿದ್ದರೂ ಹಳೆಯ ಪ್ರತಿ ನಿಮ್ಮ ಕೈ ಹಿಡಿಯುತ್ತದೆ. ಷರತ್ತು ನೀವು ಪಾಲಿಸಿದ್ದೀರಾ ಎಂಬುದನ್ನು ಮೊದಲು ನೋಡಿಕೊಳ್ಳಿ. ವಾಣಿಜ್ಯ ಬಳಕೆ ಬೇಡವೆನ್ನುವ ಪರವಾನಗಿಯ ತುಣುಕನ್ನು ಜಾಹೀರಾತು ಓಡುವ ವಿಡಿಯೊದಲ್ಲಿ ಹಾಕಿದ್ದರೆ ನಿಮ್ಮ ನೆಲೆ ದುರ್ಬಲ.

*ನಿಮ್ಮದೇ ಹಾಡಿಗೆ ನಿಮ್ಮದೇ ವಿತರಕರ ಕ್ಲೇಮ್.* ಸ್ವಂತ ಹಾಡನ್ನು ವಿತರಕರ ಮೂಲಕ ಸಂಗೀತ ಆ್ಯಪ್‌ಗಳಿಗೆ ಕೊಡುವಾಗ ಕಂಟೆಂಟ್ ಐಡಿಗೂ ಸೇರಿಸಿ ಎಂಬ ಆಯ್ಕೆಗೆ ಒಪ್ಪಿಗೆ ಕೊಟ್ಟಿರುತ್ತೀರಿ. ಆಮೇಲೆ ಅದೇ ಹಾಡನ್ನು ನಿಮ್ಮ ಚಾನೆಲ್‌ನಲ್ಲಿ ಹಾಕಿದರೆ ಕ್ಲೇಮ್ ಬರುತ್ತದೆ. ನೀವೇ ನೇಮಿಸಿದ ವಿತರಕರ ಮೇಲೆ ತಕರಾರು ಹೂಡುವುದು ವ್ಯರ್ಥ. ವಿತರಕರ ಖಾತೆಯಲ್ಲಿ ನಿಮ್ಮ ಚಾನೆಲನ್ನು ವಿನಾಯಿತಿ ಪಟ್ಟಿಗೆ ಸೇರಿಸಲು ಕೇಳಿ.

*ನಿಮ್ಮ ದೃಶ್ಯವನ್ನು ಬಳಸಿದವರೇ ಹಾಕಿದ ಕ್ಲೇಮ್.* ಟಿವಿ ವಾಹಿನಿಯೊಂದು ನಿಮ್ಮ ವಿಡಿಯೊ ತುಣುಕನ್ನು ತನ್ನ ಕಾರ್ಯಕ್ರಮದಲ್ಲಿ ಬಳಸುತ್ತದೆ. ಆ ಕಾರ್ಯಕ್ರಮ ಇಡಿಯಾಗಿ ಮಾದರಿ ಕಡತವಾಗಿ ಕಂಟೆಂಟ್ ಐಡಿಗೆ ಹೋಗುತ್ತದೆ. ಫಲ: ಮೂಲ ವಿಡಿಯೊಗೇ ಕ್ಲೇಮ್. ಸಿಟ್ಟು ಬರುವಂಥದ್ದೇ, ಆದರೆ ಗೆಲ್ಲಲು ಸುಲಭವಾದದ್ದೂ ಇದೇ. ನೀವು ಅಪ್‌ಲೋಡ್ ಮಾಡಿದ ದಿನ ಮತ್ತು ಅವರು ಪ್ರಸಾರ ಮಾಡಿದ ದಿನ ಎರಡನ್ನೂ ಬರೆಯಿರಿ, ಕ್ಯಾಮೆರಾದ ಮೂಲ ಕಡತ ನಿಮ್ಮಲ್ಲಿದೆ ಎಂದು ತಿಳಿಸಿ. ಬೈಗುಳ ಬೇಡ.

*ಹಳೆಯ ಸಂಗೀತ.* ಇಲ್ಲಿ ಬಹಳ ಜನ ಎಡವುತ್ತಾರೆ. ಜರ್ಮನ್ ಸಂಗೀತ ರಚನೆಕಾರ ಬಾಖ್ ತೀರಿಕೊಂಡದ್ದು 1750ರಲ್ಲಿ. ಅವನ ರಚನೆಗಳ ಮೇಲೆ ಇಂದು ಯಾರಿಗೂ ಹಕ್ಕಿಲ್ಲ. ಆದರೆ ಆ ರಚನೆಯನ್ನು ಈಚೆಗೆ ಒಂದು ವಾದ್ಯವೃಂದ ನುಡಿಸಿ ಧ್ವನಿಮುದ್ರಿಸಿದ್ದರೆ ಆ ಮುದ್ರಣದ ಹಕ್ಕು ಪ್ರತ್ಯೇಕ. ನೀವೇ ನುಡಿಸಿದ್ದರೆ ತಕರಾರು ಗಟ್ಟಿ. ಬೇರೆಯವರ ಮುದ್ರಣ ಬಳಸಿದ್ದರೆ ಆ ಮುದ್ರಣಕ್ಕೆ ಅನುಮತಿ ಬೇಕು. ನೀವೇ ನುಡಿಸಿದಾಗಲೂ ಕ್ಲೇಮ್ ಬರುತ್ತದೆ, ಏಕೆಂದರೆ ಒಂದೇ ಸ್ವರಪಟ್ಟಿಯನ್ನು ನುಡಿಸಿದ ಇಬ್ಬರ ಮುದ್ರಣಗಳು ಯಂತ್ರಕ್ಕೆ ಒಂದೇ ಎಂಬಂತೆ ಕೇಳಿಸಬಹುದು. ಹಕ್ಕಿನ ಅವಧಿ ದೇಶದಿಂದ ದೇಶಕ್ಕೆ ಬೇರೆ. ಕರ್ತೃ ತೀರಿಕೊಂಡ ಮೇಲೆ ಭಾರತದಲ್ಲಿ 60 ವರ್ಷ, ಯುರೋಪಿಯನ್ ಒಕ್ಕೂಟದಲ್ಲಿ 70 ವರ್ಷ. ಹೀಗಾಗಿ ಒಂದು ಕಡೆ ಮುಕ್ತವಾದದ್ದು ಇನ್ನೊಂದು ಕಡೆ ಮುಕ್ತವಾಗಿರಬೇಕೆಂದಿಲ್ಲ.

*ಯಾರದೂ ಅಲ್ಲದ ಸದ್ದು.* ಮಳೆ, ಹಕ್ಕಿ, ಫ್ಯಾನಿನ ಗುಂಯ್‌ಗುಟ್ಟುವಿಕೆ. ಹತ್ತು ಗಂಟೆ ಉದ್ದದ ಬರೀ ವೈಟ್ ನಾಯ್ಸ್ (ಒಂದೇ ಸಮನೆ ಸುಯ್ಯೆನ್ನುವ ಸದ್ದು) ವಿಡಿಯೊವೊಂದಕ್ಕೆ ಐದು ಕ್ಲೇಮ್ ಬಿದ್ದದ್ದು 2018ರ ಆರಂಭದಲ್ಲಿ ಸುದ್ದಿಯಾಗಿತ್ತು. ಇಂಥಲ್ಲಿ ಸ್ವಂತ ಕೃತಿ ಎಂಬ ಕಾರಣ ಆರಿಸಿ, ಯಾವ ಉಪಕರಣದಿಂದ ಹೇಗೆ ಮುದ್ರಿಸಿದಿರಿ ಎಂದು ಎರಡು ಸಾಲು ಬರೆದರೆ ಸಾಕು.

*ವಿಮರ್ಶೆ, ವರದಿ, ಪಾಠ.* ಬೇರೆಯವರ ಕೃತಿಯ ತುಣುಕನ್ನು ತೋರಿಸಿ ಅದರ ಬಗ್ಗೆ ಮಾತಾಡಿದ್ದರೆ ಫೇರ್ ಯೂಸ್ ಅನ್ವಯಿಸಬಹುದು. ಅಮೆರಿಕದ ಕಾನೂನಿನ 107ನೆಯ ವಿಧಿ ನಾಲ್ಕು ಅಂಶ ನೋಡುತ್ತದೆ: ಬಳಕೆಯ ಉದ್ದೇಶ, ಮೂಲ ಕೃತಿಯ ಸ್ವರೂಪ, ಎಷ್ಟು ಭಾಗ ಬಳಸಿದಿರಿ, ಮೂಲದ ಮಾರುಕಟ್ಟೆಗೆ ಏಟು ಬಿತ್ತೇ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ವಿಧಿಯಲ್ಲಿ ವಿಮರ್ಶೆಗೆ, ಪ್ರಚಲಿತ ವಿದ್ಯಮಾನಗಳ ವರದಿಗೆ ವಿನಾಯಿತಿ ಇದೆ. ಇಷ್ಟು ಸೆಕೆಂಡಿನೊಳಗೆ ಬಳಸಿದರೆ ತೊಂದರೆಯಿಲ್ಲ ಎಂಬ ನಿಯಮ ಎಲ್ಲೂ ಇಲ್ಲ. ಹಾಗೆ ಹೇಳುವ ವಿಡಿಯೊಗಳನ್ನು ನಂಬಬೇಡಿ. ಈ ಕಾರಣ ಆರಿಸುವುದಾದರೆ ಅಪಾಯ ತುಸು ಹೆಚ್ಚೆಂದು ತಿಳಿದೇ ಆರಿಸಿ, ಏಕೆಂದರೆ ಫೇರ್ ಯೂಸ್ ಹೌದೋ ಅಲ್ಲವೋ ಎಂಬ ಕೊನೆಯ ಮಾತು ನ್ಯಾಯಾಲಯದ್ದು.

ಇನ್ನು, ಇವು ಯಾವುವೂ ಕಾರಣಗಳಲ್ಲ: ಮೂಲ ಕಲಾವಿದರ ಹೆಸರು ಹಾಕಿದ್ದೇನೆ, ವಿಡಿಯೊದಿಂದ ಹಣ ಮಾಡುತ್ತಿಲ್ಲ, ಹಾಡನ್ನು ದುಡ್ಡು ಕೊಟ್ಟು ಕೊಂಡಿದ್ದೇನೆ, ಟಿವಿಯಿಂದ ಅಥವಾ ಸಂಗೀತ ಕಛೇರಿಯಲ್ಲಿ ನಾನೇ ಮುದ್ರಿಸಿಕೊಂಡೆ, ಎಲ್ಲರೂ ಬಳಸುತ್ತಿದ್ದಾರೆ, ಉಲ್ಲಂಘನೆಯ ಉದ್ದೇಶವಿಲ್ಲ ಎಂದು ವಿವರಣೆಯಲ್ಲಿ ಬರೆದಿದ್ದೇನೆ. ನಿಮ್ಮ ಬಳಿ ಇರುವುದು ಇಷ್ಟೇ ಆದರೆ ಮುಂದಿನ ಹಂತದಲ್ಲೇ ನಿಲ್ಲಿ.

ಹಂತ 4: ತಕರಾರಿಲ್ಲದೆ ಮುಗಿಯುತ್ತದೆಯೇ ನೋಡಿ

ಕ್ಲೇಮ್ ಪುಟದಲ್ಲೇ ಆ ಭಾಗವನ್ನು ಕತ್ತರಿಸುವ, ಹಾಡನ್ನು ಮೌನಗೊಳಿಸುವ ಅಥವಾ ಬೇರೆ ಹಾಡು ಹಾಕುವ ಆಯ್ಕೆಗಳಿವೆ. ವಿಡಿಯೊದ ಕೊಂಡಿ, ವೀಕ್ಷಣೆ, ಕಾಮೆಂಟ್ ಎಲ್ಲ ಹಾಗೇ ಉಳಿಯುತ್ತವೆ. ಬದಲಿಗೆ ಹಾಕುವ ಹಾಡನ್ನು ಯೂಟ್ಯೂಬ್ ಆಡಿಯೊ ಲೈಬ್ರರಿಯಿಂದ ತೆಗೆದುಕೊಂಡರೆ ಮತ್ತೆ ಕ್ಲೇಮ್ ಬರುವ ಭಯವಿಲ್ಲ.

ನ್ಯಾಯ ನಿಮ್ಮ ಕಡೆ ಇದ್ದರೂ ಕೆಲವೊಮ್ಮೆ ಇದೇ ಜಾಣತನ. ಹಣವೇ ಬರದ ಹಳೆಯ ವಿಡಿಯೊದ ಹದಿನೈದು ಸೆಕೆಂಡಿಗಾಗಿ ತಿಂಗಳುಗಟ್ಟಲೆ ಕಾಯಬೇಕೇ ಎಂದು ಯೋಚಿಸಿ. ಆದರೆ ಅದೇ ಸಂಗೀತ ನಿಮ್ಮ ಹತ್ತಾರು ವಿಡಿಯೊಗಳಲ್ಲಿ ಇದ್ದರೆ ಬಿಟ್ಟುಕೊಡಬೇಡಿ. ಒಂದಾದ ಮೇಲೊಂದಕ್ಕೆ ಕ್ಲೇಮ್ ಬರುತ್ತದೆ.

ಹಂತ 5: ತಕರಾರಿನ ಒಕ್ಕಣೆ ಸಿದ್ಧಪಡಿಸಿ

ಅರ್ಜಿಯ ಪೆಟ್ಟಿಗೆಯಲ್ಲಿ ನೇರವಾಗಿ ಬರೆಯಬೇಡಿ. ಬೇರೆ ಕಡೆ ಬರೆದು, ಮಾರನೆಯ ದಿನ ಓದಿ, ಆಮೇಲೆ ಅಂಟಿಸಿ. ಕ್ಲೇಮ್ ಹಾಕಿದವರು ಬೇರೆ ದೇಶದವರಾದರೆ ಅವರು ಓದಬಲ್ಲ ಭಾಷೆಯಲ್ಲಿ, ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಬರೆಯುವುದು ಒಳಿತು. ಸರಳ ಇಂಗ್ಲಿಷ್ ಸಾಕು, ಕಾನೂನಿನ ಪದಗಳ ಆಡಂಬರ ಬೇಡ.

ನಾಲ್ಕು ಸಂಗತಿ ಇರಲಿ: ಯಾವ ಭಾಗ, ಅದರಲ್ಲಿ ನಿಜವಾಗಿ ಇರುವುದು ಏನು, ಅದನ್ನು ಬಳಸಲು ನಿಮಗೆ ಇರುವ ಹಕ್ಕು, ಅದನ್ನು ಪರಿಶೀಲಿಸುವ ದಾರಿ. ನಮ್ಮ ಸೈಕಲ್ ವಿಡಿಯೊಗೆ ಒಕ್ಕಣೆ ಹೀಗಿರಬಹುದು:

"2:14ರಿಂದ 2:51ರವರೆಗೆ ಕೇಳುವುದು ನಿಮ್ಮ ಹಾಡಲ್ಲ, (ತುಣುಕಿನ ಹೆಸರು) ಎಂಬ ವಾದ್ಯ ಸಂಗೀತ. ಅದರ ಕರ್ತೃ (ಹೆಸರು). ಪ್ರಕಟವಾದದ್ದು (ದಿನಾಂಕ), ನಿಮ್ಮ ಹಾಡು ಬಿಡುಗಡೆಯಾಗುವುದಕ್ಕೆ ಮೊದಲು. ಇದನ್ನು (ತಾಣದ ಹೆಸರು) ಮೂಲಕ (ದಿನಾಂಕ)ದಂದು ಪರವಾನಗಿ ಪಡೆದು ಬಳಸಿದ್ದೇನೆ. ಪರವಾನಗಿ ಸಂಖ್ಯೆ (ಸಂಖ್ಯೆ). ಆ ಪರವಾನಗಿ ಬೇರೆಯವರಿಗೂ ಇದೇ ತುಣುಕನ್ನು ಬಳಸಲು ಬಿಡುತ್ತದೆ, ನಿಮ್ಮ ಹಾಡಿನಲ್ಲೂ ಇದೇ ತುಣುಕು ಇದೆ. ಯಂತ್ರ ಹೊಂದಿಸಿರುವುದು ಎರಡರಲ್ಲೂ ಇರುವ ಈ ತುಣುಕನ್ನು. ಮೂಲ ಪುಟದ ವಿಳಾಸ: (ವಿಳಾಸ). ಕ್ಲೇಮ್ ಹಿಂತೆಗೆದುಕೊಳ್ಳಬೇಕೆಂದು ಕೋರುತ್ತೇನೆ."

ಇದಕ್ಕಿಂತ ಉದ್ದ ಬೇಕಿಲ್ಲ. ಇದರಲ್ಲಿ ಬೇಡಿಕೆಯ ಸಾಲು ಒಂದೇ, ಅದೂ ಕೊನೆಯಲ್ಲಿ. ಉಳಿದದ್ದೆಲ್ಲ ಓದುವವರು ಹೋಗಿ ನೋಡಿ ಬರಬಹುದಾದ ಸಂಗತಿ. ವಿಡಿಯೊದಲ್ಲಿ ಹೊಂದಿಕೆಯಾದ ಭಾಗಗಳು ಎರಡಿದ್ದರೆ ಎರಡಕ್ಕೂ ಉತ್ತರ ಕೊಡಿ. ಒಂದಕ್ಕೆ ಉತ್ತರ ಕೊಟ್ಟು ಇನ್ನೊಂದನ್ನು ಬಿಟ್ಟರೆ ಬಿಟ್ಟದ್ದನ್ನೇ ಹಿಡಿದು ತಳ್ಳಿಹಾಕುತ್ತಾರೆ. ಒಂದೇ ವಿಡಿಯೊಗೆ ಬೇರೆ ಬೇರೆಯವರು ಹಾಕಿದ ಕ್ಲೇಮ್‌ಗಳಿಗೆ ಪ್ರತ್ಯೇಕ ತಕರಾರು ಸಲ್ಲಿಸಬೇಕು.

ಹಂತ 6: ಸಲ್ಲಿಸಿ, ದಿನ ಲೆಕ್ಕ ಹಾಕಿ

ಕ್ಲೇಮ್ ಪಕ್ಕದ ಆಯ್ಕೆಗಳಲ್ಲಿ ಡಿಸ್ಪ್ಯೂಟ್ ಆರಿಸಿ, ಕಾರಣ ಗುರುತಿಸಿ, ಬರಹ ಅಂಟಿಸಿ, ಪೂರ್ಣ ಹೆಸರನ್ನು ಸಹಿಯಾಗಿ ಟೈಪ್ ಮಾಡಿ ಕಳುಹಿಸಿ.

ಹಣ ಬರುವ ವಿಡಿಯೊ ಆಗಿದ್ದರೆ ಐದು ದಿನದ ಲೆಕ್ಕ ನೆನಪಿರಲಿ. ಕ್ಲೇಮ್ ಬಿದ್ದ ಐದು ದಿನದೊಳಗೆ ತಕರಾರು ಸಲ್ಲಿಸಿದರೆ ಕ್ಲೇಮ್ ಬಿದ್ದ ಮೊದಲ ದಿನದಿಂದಲೇ ಜಾಹೀರಾತಿನ ಹಣವನ್ನು ಯೂಟ್ಯೂಬ್ ಪಕ್ಕಕ್ಕೆ ತೆಗೆದಿಡುತ್ತದೆ. ಗೆದ್ದವರಿಗೆ ಅದು ಸೇರುತ್ತದೆ. ಐದು ದಿನ ಕಳೆದ ಮೇಲೆ ಸಲ್ಲಿಸಿದರೆ ಸಲ್ಲಿಸಿದ ದಿನದಿಂದ ಮಾತ್ರ. ಹೊಸ ವಿಡಿಯೊಗೆ ಹೆಚ್ಚು ವೀಕ್ಷಣೆ ಬರುವುದೇ ಮೊದಲ ದಿನಗಳಲ್ಲಿ. ಅದಕ್ಕಾಗಿಯೇ ದಾಖಲೆಗಳನ್ನು ಅಪ್‌ಲೋಡ್‌ಗೆ ಮುಂಚೆಯೇ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಬೇಕು ಎನ್ನುವುದು.

ಕ್ಲೇಮ್ ಹಾಕಿದವರಿಗೆ ಉತ್ತರಿಸಲು 30 ದಿನ ಇರುತ್ತದೆ. ಅವರು ಕ್ಲೇಮ್ ಬಿಡಬಹುದು, ಉಳಿಸಿಕೊಳ್ಳಬಹುದು, ವಿಡಿಯೊ ತೆಗೆಸಲು ಮನವಿ ಕೊಡಬಹುದು, ಅಥವಾ ಸುಮ್ಮನಿರಬಹುದು. 30 ದಿನ ಸುಮ್ಮನಿದ್ದರೆ ಕ್ಲೇಮ್ ತಾನಾಗಿ ಬಿದ್ದುಹೋಗುತ್ತದೆ. ಈ ಅವಧಿಯಲ್ಲಿ ವಿಡಿಯೊ ಅಳಿಸಿ ಮತ್ತೆ ಅಪ್‌ಲೋಡ್ ಮಾಡಬೇಡಿ. ವೀಕ್ಷಣೆಯೂ ಹೋಗುತ್ತದೆ, ಅದೇ ಕ್ಲೇಮ್ ಹೊಸ ಪ್ರತಿಗೂ ಬರುತ್ತದೆ.

ಧೈರ್ಯಕ್ಕೆ ಒಂದು ಅಂಕಿ: ಯೂಟ್ಯೂಬ್‌ನದೇ ಪಾರದರ್ಶಕತಾ ವರದಿಯ ಪ್ರಕಾರ 2021ರ ಮೊದಲ ಆರು ತಿಂಗಳಲ್ಲಿ ಕಂಟೆಂಟ್ ಐಡಿ ಹಾಕಿದ ಕ್ಲೇಮ್‌ಗಳು 72 ಕೋಟಿಗೂ ಹೆಚ್ಚು, ತಕರಾರು ಬಂದದ್ದು ಸುಮಾರು 37 ಲಕ್ಷಕ್ಕೆ. ಅವುಗಳಲ್ಲಿ 60 ಶೇಕಡದಷ್ಟು ವಿಡಿಯೊ ಹಾಕಿದವರ ಪರವಾಗಿ ಮುಗಿದವು.

ಹಂತ 7: ತಿರಸ್ಕರಿಸಿದರೆ ಮೇಲ್ಮನವಿ, ಯೋಚಿಸಿ

ಇಲ್ಲಿಯವರೆಗೆ ದೊಡ್ಡ ಅಪಾಯವಿರಲಿಲ್ಲ. ಇಲ್ಲಿಂದ ಇದೆ. ಮೇಲ್ಮನವಿ ಸಲ್ಲಿಸಿದರೆ ಕ್ಲೇಮ್ ಹಾಕಿದವರಿಗೆ 7 ದಿನದ ಗಡುವು. ಅಷ್ಟರಲ್ಲಿ ಅವರು ಏನೂ ಮಾಡದಿದ್ದರೆ ಕ್ಲೇಮ್ ಬೀಳುತ್ತದೆ. ಒಪ್ಪದಿದ್ದರೆ ಅವರಿಗೆ ಉಳಿಯುವ ದಾರಿ ವಿಡಿಯೊ ತೆಗೆಸುವ ಮನವಿ. ಅದು ಸ್ವೀಕೃತವಾದರೆ ನಿಮಗೆ ಸ್ಟ್ರೈಕ್.

ಆದ್ದರಿಂದ ಮೇಲ್ಮನವಿಗೆ ಮುನ್ನ ಒಂದು ಪ್ರಶ್ನೆ ಹಾಕಿಕೊಳ್ಳಿ: ಮೊದಲ ತಕರಾರಿನಲ್ಲಿ ಇಲ್ಲದ ಯಾವ ಸಾಕ್ಷಿ ಈಗ ನನ್ನ ಬಳಿ ಇದೆ? ಹಿಂದಿನ ಬರಹವನ್ನೇ ದಪ್ಪ ಅಕ್ಷರದಲ್ಲಿ ಮತ್ತೆ ಕಳುಹಿಸುವವರು ಅದೇ ಉತ್ತರ ಪಡೆಯುತ್ತಾರೆ. ಪರವಾನಗಿ ಕೊಟ್ಟ ಸಂಸ್ಥೆಯಿಂದ ದೃಢೀಕರಣದ ಇಮೇಲ್, ಮೂಲ ಕರ್ತೃವಿನಿಂದ ಒಂದು ಸಾಲು, ವೇಬ್ಯಾಕ್ ಮೆಷಿನ್ ಕೊಂಡಿ, ಇಂಥದ್ದನ್ನು ಸೇರಿಸಿ. ಚಾನೆಲ್ ಮೇಲೆ ಈಗಾಗಲೇ ಎರಡು ಸ್ಟ್ರೈಕ್ ಇದ್ದರೆ, ನ್ಯಾಯ ನಿಮ್ಮದೇ ಆದರೂ ವಕೀಲರನ್ನು ಕೇಳದೆ ಮೇಲ್ಮನವಿ ಒತ್ತಬೇಡಿ. ಹಣದ ಲೆಕ್ಕ ಇಲ್ಲಿಯೂ ಐದು ದಿನ: ತಕರಾರು ತಿರಸ್ಕೃತವಾಗಿ ಐದು ದಿನದೊಳಗೆ ಮೇಲ್ಮನವಿ ಹೋಗದಿದ್ದರೆ ತೆಗೆದಿಟ್ಟ ಹಣ ಅವರ ಪಾಲಾಗುತ್ತದೆ.

ವಿಡಿಯೊವನ್ನು ಮುಚ್ಚಿಸಿದ ಕ್ಲೇಮ್‌ಗಳಲ್ಲಿ ಮಾತ್ರ 30 ದಿನದ ಮೊದಲ ಸುತ್ತನ್ನು ಬಿಟ್ಟು ನೇರವಾಗಿ ಮೇಲ್ಮನವಿಗೆ ಹೋಗುವ ಆಯ್ಕೆ ಇದೆ. ಬೇಗ ಮುಗಿಯುತ್ತದೆ ಎಂಬ ಆಸೆಗೆ ಎಲ್ಲರೂ ಅದನ್ನು ಒತ್ತುವುದು ಸರಿಯಲ್ಲ; ಸ್ಟ್ರೈಕ್‌ನ ದಾರಿಯೂ ಅಷ್ಟೇ ಹತ್ತಿರವಾಗುತ್ತದೆ. ಸಾಕ್ಷಿ ಪಕ್ಕಾ ಇದ್ದರೆ ಮಾತ್ರ ಬಳಸಿ.

ಮೇಲ್ಮನವಿಯ ನಂತರ ಕೆಲವರು ತಕ್ಷಣ ತೆಗೆಸದೆ 7 ದಿನ ಮುಂದಿಟ್ಟು ಮನವಿ ಕೊಡುತ್ತಾರೆ. ಆ 7 ದಿನದೊಳಗೆ ಮೇಲ್ಮನವಿ ಹಿಂತೆಗೆದುಕೊಂಡರೆ ಸ್ಟ್ರೈಕ್ ತಪ್ಪುತ್ತದೆ, ಕ್ಲೇಮ್ ಹಾಗೇ ಉಳಿಯುತ್ತದೆ. ಈ ಇಮೇಲ್ ಸ್ಪ್ಯಾಮ್ ಫೋಲ್ಡರ್‌ಗೆ ಹೋಗಿ ಅವಕಾಶ ಕಳೆದುಕೊಳ್ಳುವುದಕ್ಕಿಂತ ಸ್ಟುಡಿಯೊವನ್ನು ದಿನಕ್ಕೊಮ್ಮೆ ತೆರೆದು ನೋಡುವುದು ಲೇಸು.

ಹಂತ 8: ಸ್ಟ್ರೈಕ್ ಬಿದ್ದಿದ್ದರೆ ಪ್ರತಿ ನೋಟಿಸು

ಸ್ಟ್ರೈಕ್ ಹೋಗಲು ದಾರಿ ಮೂರು. ಕಾಪಿರೈಟ್ ಸ್ಕೂಲ್ ಎಂಬ ಸಣ್ಣ ಪಾಠ ಮುಗಿಸಿ 90 ದಿನ ಕಾಯುವುದು. ಮನವಿ ಕೊಟ್ಟವರನ್ನು ಸಂಪರ್ಕಿಸಿ ಹಿಂತೆಗೆದುಕೊಳ್ಳುವಂತೆ ಕೇಳುವುದು. ಪ್ರತಿ ನೋಟಿಸು, ಅಂದರೆ ಕೌಂಟರ್ ನೋಟಿಫಿಕೇಶನ್, ಸಲ್ಲಿಸುವುದು. ಎರಡನೆಯದನ್ನು ಮೊದಲು ಮಾಡಿ ನೋಡಿ. ನಿಜವಾದ ಗುರುತಿನ ತಪ್ಪಾಗಿದ್ದರೆ ಒಂದು ಸಭ್ಯ ಇಮೇಲ್‌ಗೆ ಹಿಂತೆಗೆದುಕೊಳ್ಳುವವರೂ ಇದ್ದಾರೆ.

ಪ್ರತಿ ನೋಟಿಸು ಕಾನೂನಿನ ದಾಖಲೆ. ಇದರ ಮೂಲ ಅಮೆರಿಕದ 1998ರ ಡಿಎಂಸಿಎ (ಡಿಜಿಟಲ್ ಮಿಲೆನಿಯಮ್ ಕಾಪಿರೈಟ್ ಆ್ಯಕ್ಟ್) ಕಾಯ್ದೆ. ವಿಡಿಯೊ ತಪ್ಪಾಗಿ ಅಥವಾ ತಪ್ಪು ಗುರುತಿನಿಂದ ತೆಗೆಯಲಾಗಿದೆ ಎಂದು ಪ್ರಾಮಾಣಿಕವಾಗಿ ನಂಬಿದ್ದೇನೆ ಎಂದು ಸುಳ್ಳಿಗೆ ಶಿಕ್ಷೆಯುಂಟೆಂಬ ಅರಿವಿನಲ್ಲಿ ಘೋಷಿಸಬೇಕು; ಅಮೆರಿಕದ ಫೆಡರಲ್ ಜಿಲ್ಲಾ ನ್ಯಾಯಾಲಯದ ವ್ಯಾಪ್ತಿಗೆ ಒಪ್ಪಿಗೆಯನ್ನೂ ಕೊಡಬೇಕು. ನಿಮ್ಮ ನಿಜವಾದ ಹೆಸರು, ವಿಳಾಸ, ಫೋನ್ ಸಂಖ್ಯೆ ಬರೆಯಬೇಕು, ಅವು ಎದುರಾಳಿಗೆ ಹೋಗುತ್ತವೆ. ಮನವಿ ಕೊಟ್ಟವರು ನಿಮಗೆ ಕಿರುಕುಳ ಕೊಡುವವರಾಗಿದ್ದರೆ ವಕೀಲರ ಮೂಲಕ ಸಲ್ಲಿಸಿ.

ಪ್ರತಿ ನೋಟಿಸು ತಲುಪಿದ ಮೇಲೆ ಎದುರಾಳಿಗೆ ಅಮೆರಿಕದ ಲೆಕ್ಕದ 10 ಕೆಲಸದ ದಿನಗಳು ಸಿಗುತ್ತವೆ. ಅಷ್ಟರಲ್ಲಿ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿದ್ದಕ್ಕೆ ಪುರಾವೆ ಕೊಡದಿದ್ದರೆ ವಿಡಿಯೊ ಮರಳುತ್ತದೆ, ಸ್ಟ್ರೈಕ್ ಹೋಗುತ್ತದೆ. ಪುರಾವೆ ಕೊಟ್ಟರೆ ಮುಂದಿನ ಮಾತು ನ್ಯಾಯಾಲಯದಲ್ಲಿ. ಅಲ್ಲಿಗೆ ಹೋಗಲು ಸಿದ್ಧರಿಲ್ಲದವರು ಈ ಗುಂಡಿ ಒತ್ತಬಾರದು.

ಅಪಾಯದ ಸೂಚನೆಗಳು

ಕ್ಲೇಮ್ ಬಂದಿದೆ ಎಂಬ ಇಮೇಲ್ ಇದೆ, ಸ್ಟುಡಿಯೊದಲ್ಲಿ ಏನೂ ಕಾಣುತ್ತಿಲ್ಲ, ಜೊತೆಗೆ ತೆರೆಯಲು ಒಂದು ಕಡತ ಲಗತ್ತಿಸಿದ್ದಾರೆ: ಇದು ಖಾತೆ ಕದಿಯುವ ಬಲೆ. ತೆರೆಯಬೇಡಿ. ಹಣ ಕೊಟ್ಟರೆ ಸ್ಟ್ರೈಕ್ ತೆಗೆಸುತ್ತೇವೆ ಎನ್ನುವವರು, ಸ್ಟ್ರೈಕ್ ಹಾಕಿ ಆಮೇಲೆ ಹಣ ಕೇಳುವವರು, ಇಬ್ಬರಿಗೂ ಉತ್ತರಿಸದೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಯೂಟ್ಯೂಬ್‌ಗೆ ದೂರು ಕೊಡಿ.

ಕ್ಲೇಮ್ ಹಾಕಿದವರ ಹೆಸರು ಗುರುತಿಗೆ ಬಾರದಿದ್ದ ಮಾತ್ರಕ್ಕೆ ಮೋಸವೆಂದು ತೀರ್ಮಾನಿಸಬೇಡಿ. ದೊಡ್ಡ ಸಂಗೀತ ಸಂಸ್ಥೆಗಳ ಪರವಾಗಿ ವಿತರಕರು, ಹಕ್ಕುಸಂಗ್ರಹ ಸಂಸ್ಥೆಗಳು ಕ್ಲೇಮ್ ಹಾಕುವುದು ವಾಡಿಕೆ. ಹಾಗೆಯೇ ಬಂದ ಪ್ರತಿ ಕ್ಲೇಮ್‌ಗೂ ಕಣ್ಣುಮುಚ್ಚಿ ತಕರಾರು ಹಾಕುವವರ ಮೇಲೆ ಯೂಟ್ಯೂಬ್ ಕ್ರಮ ಕೈಗೊಳ್ಳಬಹುದು. ತಪ್ಪು ಕ್ಲೇಮ್‌ಗಳನ್ನು ಪದೇ ಪದೇ ಹಾಕುವವರೂ ಕಂಟೆಂಟ್ ಐಡಿ ಸೌಲಭ್ಯ ಕಳೆದುಕೊಳ್ಳಬಹುದು.

ಗೆದ್ದ ಮೇಲೆ ಮಾಡಬೇಕಾದದ್ದು

ಕ್ಲೇಮ್ ಬಿಡುಗಡೆಯಾದ ಇಮೇಲನ್ನು ಅದೇ ಫೋಲ್ಡರ್‌ಗೆ ಹಾಕಿ. ಅದೇ ಸಂಗೀತವಿರುವ ಮುಂದಿನ ವಿಡಿಯೊಗೆ ಕ್ಲೇಮ್ ಬಂದರೆ ಹಳೆಯ ತಕರಾರಿನ ಬರಹ ಸಿದ್ಧವಾಗಿರುತ್ತದೆ. ಸಮಯದ ಅಂಕಿ ತಿದ್ದಿ, ಹಿಂದೆ ಇದೇ ತುಣುಕಿನ ಕ್ಲೇಮ್ ಇಂಥ ದಿನ ಹಿಂತೆಗೆದುಕೊಂಡಿದ್ದೀರಿ ಎಂಬ ಸಾಲು ಸೇರಿಸಿದರೆ ಆಯಿತು.

ಹೊಸ ವಿಡಿಯೊಗಳನ್ನು ಮೊದಲು ಖಾಸಗಿಯಾಗಿ ಅಪ್‌ಲೋಡ್ ಮಾಡಿ. ಅಪ್‌ಲೋಡ್ ವೇಳೆ ಬರುವ ಚೆಕ್ಸ್ ಪುಟ ಕ್ಲೇಮ್ ಇದೆಯೇ ಎಂದು ಮುಂಚಿತವಾಗಿ ತಿಳಿಸುತ್ತದೆ. ಅಲ್ಲಿಯೇ ಕ್ಲೇಮ್ ಕಂಡರೆ, ಪ್ರಕಟಿಸುವ ಮೊದಲೇ ತಕರಾರು ಸಲ್ಲಿಸಿ.